ಒಂದು ಹಿಡಿ ಮರಳು

ಒಣಗಿದ ಹೊಳೆ. ಎದುರಿಗೆ ಒಬ್ಬ ದೈತ್ಯ. ಅವನ ಕೈಯಲ್ಲಿ ಮರದ ಬೊಡ್ಡೆಯಷ್ಟು ದಪ್ಪದ ಗದೆ. ನಮ್ಮ ನಾಲ್ವರಲ್ಲಿ ಇಬ್ಬರು ಆಗಲೇ ನೆಲಕ್ಕೆ ಬಿದ್ದಿದ್ದಾರೆ. ಕಳ್ಳನ ಪಾತ್ರ ಆಡುತ್ತಿದ್ದ ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನನ್ನು ಕೇಳಿದಳು: “ಕಾಲ ಕೆಳಗೆ ಮರಳಿದೆ ಅಲ್ವಾ? ಒಂದು ಹಿಡಿ ಎತ್ತಿ ಅವನ ಕಣ್ಣಿಗೆ ಎರಚ್ತೀನಿ. ಆಗುತ್ತಾ?”

ಆ ಆಟಕ್ಕೆ ನಾನು ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವನು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ ಇದು. ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ, 2014ರದ್ದು. ಆಟಗಾರರ ಪುಸ್ತಕವೊಂದೇ ಮುನ್ನೂರು ಪುಟ ದಾಟುತ್ತದೆ. ಅಲ್ಲಿ ಮರಳು ಎರಚುವುದಕ್ಕೆ ಅಂತ ನಿಯಮ ನನಗೆ ಸಿಗಲಿಲ್ಲ. ಆದರೆ ಅವಳು ಕೇಳಿದ್ದು ಎಷ್ಟು ಸಹಜವಾಗಿತ್ತು! ಮರಳಿದೆ, ಕೈಯಿದೆ, ಎದುರಿಗೆ ಕಣ್ಣಿದೆ. “ಆಗುತ್ತೆ. ಡೆಕ್ಸ್ಟೆರಿಟಿ ರೋಲ್ ಮಾಡು, ಕೈಚಳಕಕ್ಕೆ ದಾಳ ಉರುಳಿಸು. 13 ಬಂದರೆ ಒಂದು ಸುತ್ತು ಅವನಿಗೆ ಕಣ್ಣು ಕಾಣಲ್ಲ” ಅಂದೆ. ದಾಳ ಉರುಳಿತು. 17 ಬಂತು. ದೈತ್ಯ ಕಣ್ಣುಜ್ಜಿಕೊಂಡು ಗಾಳಿಗೆ ಗದೆ ಬೀಸಿದ. ಅಷ್ಟರಲ್ಲಿ ಉಳಿದಿಬ್ಬರೂ ಸೇರಿ ಅವನನ್ನು ಕೆಡವಿದರು. ಮೇಜಿನ ಸುತ್ತ ಕೂತವರೆಲ್ಲ ಎದ್ದು ನಿಂತು ಕೂಗಿದರು. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ.

ಮುಂದಿನ ವಾರ ನಾಲ್ವರ ಸಾಮಾನಿನ ಪಟ್ಟಿಯಲ್ಲೂ ಒಂದೊಂದು ಮರಳಿನ ಚೀಲ ಇತ್ತು.

ಅದರ ಮುಂದಿನ ವಾರ ಪ್ರತಿ ಜಗಳವೂ ಮರಳಿನಿಂದಲೇ ಶುರುವಾಯಿತು. ಕಥೆಯ ದೊಡ್ಡ ಖಳನ ಎದುರು ನಿಂತಾಗಲೂ ಅವಳು ಚೀಲಕ್ಕೆ ಕೈ ಹಾಕಿದಳು. ನಾನು ತಿಂಗಳುಗಟ್ಟಲೆ ಕಟ್ಟಿದ್ದ ಖಳ ಅವನು. “ಈ ಸಲ ಆಗಲ್ಲ. ಅವನು ಹುಷಾರಾಗಿದ್ದಾನೆ” ಅಂದುಬಿಟ್ಟೆ. ಅವಳು ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದಳು: “ಹಾಗಾದ್ರೆ ಅವತ್ತು ಯಾಕೆ ಆಯ್ತು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಆಗಿದ್ದು ಯಾಕೆ ಅಂದರೆ ನನಗೆ ಅದು ಇಷ್ಟವಾಯಿತು. ಇವತ್ತು ಆಗದೇ ಇದ್ದದ್ದು ಯಾಕೆ ಅಂದರೆ ನನಗೆ ಅದು ಇಷ್ಟವಾಗಲಿಲ್ಲ. ನಿಜವಾದ ಉತ್ತರ ಇಷ್ಟೇ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಆಟ ಮುಂದುವರೀತು, ಆದರೆ ಅವಳು ಅವತ್ತು ಮತ್ತೆ “ಆಗುತ್ತಾ?” ಅಂತ ಕೇಳಲಿಲ್ಲ. ಪಾತ್ರದ ಶಕ್ತಿ, ಕೌಶಲಗಳನ್ನು ಬರೆದಿಟ್ಟ ಶೀಟ್‌ನಲ್ಲಿ ಇದ್ದದ್ದನ್ನು ಮಾತ್ರ ಮಾಡಿದಳು. ಕತ್ತಿ ಬೀಸಿದಳು, ಡ್ಯಾಮೇಜ್ ಹೇಳಿದಳು, ಸುಮ್ಮನೆ ಕೂತಳು.

ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬರೆದಿಟ್ಟ ನಿಯಮಕ್ಕೆ ಎಷ್ಟು ಜಾಗ, ಮೇಜಿನಲ್ಲಿ ಕೂತು ಕೊಡುವ ತೀರ್ಪಿಗೆ ಎಷ್ಟು ಜಾಗ?

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್‌ನಲ್ಲಿ ಸಾಮಾನ್ಯವಾಗಿ ಒಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ. ಲೋಕ ಹೇಗಿದೆ, ಎದುರಿಗೆ ಯಾರಿದ್ದಾರೆ ಅನ್ನುವುದನ್ನು ಜಿಎಂ ಹೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಏನಾಗುತ್ತದೋ ಗೊತ್ತಿಲ್ಲ ಅನ್ನುವಾಗ ದಾಳ ಉರುಳಿಸುತ್ತಾರೆ. ಬೋರ್ಡ್ ಗೇಮ್‌ಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಇಲ್ಲಿ ಆಟಗಾರ ಏನನ್ನು ಬೇಕಾದರೂ ಮಾಡಲು ನೋಡಬಹುದು. ಚೆಸ್‌ನಲ್ಲಿ ಕುದುರೆ ಎದುರಾಳಿಯ ಕಣ್ಣಿಗೆ ಮರಳು ಎರಚುವುದಿಲ್ಲ. ಇಲ್ಲಿ ಎರಚುತ್ತದೆ. ಹಾಗಾಗಿ ಯಾವ ಪುಸ್ತಕವೂ ಎಲ್ಲದಕ್ಕೂ ನಿಯಮ ಬರೆದಿಡಲು ಆಗುವುದಿಲ್ಲ.

ಈ ಜಗ್ಗಾಟ ಡಂಜನ್ಸ್ ಅಂಡ್ ಡ್ರಾಗನ್ಸ್‌ಗಿಂತ ಹಳೆಯದು. 1812ರಲ್ಲಿ ಪ್ರಷ್ಯಾದ ರೈಸ್‌ವಿಟ್ಸ್ ಎಂಬಾತ ರಾಜನಿಗೆ ಒಂದು ಯುದ್ಧದ ಆಟ ತೋರಿಸಿದ. ಅವನ ಮಗ ಅದನ್ನು ಬೆಳೆಸಿ 1824ರಲ್ಲಿ ನಿಯಮಗಳ ಸಮೇತ ಪ್ರಕಟಿಸಿದ. ಹೆಸರು ಕ್ರೀಗ್ಸ್‌ಷ್ಪೀಲ್. ನಕ್ಷೆಯ ಮೇಲೆ ಸಣ್ಣ ತುಂಡುಗಳು, ದಾಳ, ಎಷ್ಟು ಸೈನಿಕರು ಸತ್ತರು ಅಂತ ಹೇಳುವ ಕೋಷ್ಟಕಗಳು, ನಡುವೆ ಒಬ್ಬ ಅಂಪೈರ್. ಸೇನೆಯ ಅಧಿಕಾರಿಗಳಿಗೆ ತರಬೇತಿ ಕೊಡಲು ಇದನ್ನು ಬಳಸಿದರು. ಬರಬರುತ್ತಾ ನಿಯಮಗಳ ಭಾರಕ್ಕೆ ಆಟ ನಿಧಾನವಾಯಿತು, ಕೋಷ್ಟಕ ನೋಡುವುದೇ ಕೆಲಸವಾಯಿತು ಅನ್ನುವ ದೂರು ಎದ್ದಿತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಪ್ರಷ್ಯನ್ ಅಧಿಕಾರಿ ದಾಳವನ್ನೂ ಕೋಷ್ಟಕವನ್ನೂ ಪಕ್ಕಕ್ಕಿಟ್ಟ. ಯುದ್ಧ ಬಲ್ಲ ಅಂಪೈರ್ ತನ್ನ ಅನುಭವದಿಂದ ತೀರ್ಮಾನ ಹೇಳಿದರೆ ಸಾಕು ಅಂದ. ಒಂದು ಕಡೆ ಬಿಗಿ ಆಟ, ಇನ್ನೊಂದು ಕಡೆ ಸಡಿಲ ಆಟ.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಒಂದು ಮಾತು. ಸಡಿಲ ಆಟ ನಿಂತಿದ್ದು ಅಂಪೈರ್‌ನ ಅನುಭವದ ಮೇಲೆ. ನಿಜವಾದ ಯುದ್ಧ ಕಂಡವರು ಅಲ್ಲಿ ಅಂಪೈರ್ ಆಗುತ್ತಿದ್ದರು. ಗುಡ್ಡ ಹತ್ತುವ ದಂಡಿಗೆ ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಹೇಳುವ ಯೋಗ್ಯತೆ ಅವರಿಗಿತ್ತು. ನನಗೆ ದೈತ್ಯರ ಕಣ್ಣಿನ ಬಗ್ಗೆ ಏನು ಗೊತ್ತು? ಡ್ರಾಗನ್ ಬೆಂಕಿ ಉಗುಳಿದಾಗ ಮರದ ಬಾಗಿಲು ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಭವವಿಲ್ಲ. ಜಿಎಂ ಕೊಡುವ ತೀರ್ಪು ಅನುಭವದಿಂದ ಬರುವುದಿಲ್ಲ. ಮೇಜಿನಲ್ಲಿ ಕೂತವರು ಒಪ್ಪಿದ್ದರಿಂದ ಅದಕ್ಕೆ ಬಲ ಬರುತ್ತದೆ. ಅವತ್ತು ನಾನು ಮರೆತದ್ದು ಇದನ್ನೇ.

ಆ ಅಂಪೈರ್ ನಮ್ಮ ಆಟಕ್ಕೆ ಬಂದ ದಾರಿ ಚೆನ್ನಾಗಿದೆ. ಅಮೆರಿಕದಲ್ಲಿ 1880ರಲ್ಲಿ ಚಾರ್ಲ್ಸ್ ಟಾಟನ್ ಎಂಬ ಸೇನಾಧಿಕಾರಿ ಬರೆದ ‘ಸ್ಟ್ರಾಟೆಗೋಸ್’ ಎಂಬ ಯುದ್ಧದ ಆಟದ ಪುಸ್ತಕ ಮುಂದೆ ಡೇವ್ ವೆಸ್ಲಿ ಎಂಬ ಯುದ್ಧದ ಆಟಗಾರರ ಕೈಗೆ ಸಿಕ್ಕಿತು. ಅದರಿಂದ ಪ್ರೇರಣೆ ಪಡೆದು 1969ರಲ್ಲಿ ಅವರು ‘ಬ್ರೌನ್‌ಸ್ಟೈನ್’ ಆಡಿಸಿದರು. ಆಟಗಾರರಿಗೆ ಸೈನ್ಯದ ಜೊತೆ ಊರಿನ ಜನರ ಪಾತ್ರಗಳನ್ನೂ ಕೊಟ್ಟರು. ಆಟಗಾರರು ಯುದ್ಧ ಬಿಟ್ಟು ತಮ್ಮ ತಮ್ಮ ಸಂಚುಗಳಲ್ಲಿ ಮುಳುಗಿದರು. ವೆಸ್ಲಿಗೆ ಆಟ ಕೈತಪ್ಪಿ ಹಾಳಾಯಿತು ಅನ್ನಿಸಿತು. ಆಟಗಾರರು ಮಾತ್ರ ಇನ್ನೊಂದು ಸಲ ಆಡಿಸಿ ಅಂತ ಬೆನ್ನು ಹತ್ತಿದರು. ಆ ಗುಂಪಿನಲ್ಲಿದ್ದ ಡೇವ್ ಆರ್ನ್‌ಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದರು. ಮೂರು ತೆಳು ಪುಸ್ತಿಕೆಗಳು, ಮೊದಲ ಮುದ್ರಣ 1000 ಪ್ರತಿ. ಅವುಗಳಲ್ಲಿ ಹೇಳದೇ ಬಿಟ್ಟಿದ್ದೇ ಜಾಸ್ತಿ. ಆಡುವವರು ಆ ಖಾಲಿ ಜಾಗಗಳನ್ನು ತಮ್ಮ ತೀರ್ಪುಗಳಿಂದ ತುಂಬಿಕೊಂಡರು.

ಆಮೇಲೆ ಕಳ್ಳ ಬಂದ. ಈ ಭಾಗ ನನಗೆ ತುಂಬಾ ಇಷ್ಟ.

1974ರ ಪುಸ್ತಿಕೆಗಳಲ್ಲಿ ಆಡಬಹುದಾದ ವರ್ಗಗಳು ಮೂರೇ: ಯೋಧ, ಮಂತ್ರವಾದಿ, ಪುರೋಹಿತ. 1975ರಲ್ಲಿ ಬಂದ ‘ಗ್ರೇಹಾಕ್’ ಪುರವಣಿಯಲ್ಲಿ ಕಳ್ಳ ಎಂಬ ಹೊಸ ವರ್ಗ ಸೇರಿತು. ಬೀಗ ತೆಗೆಯಲು, ಬಲೆಗಳನ್ನು ನಿಷ್ಕ್ರಿಯ ಮಾಡಲು, ಸದ್ದಿಲ್ಲದೆ ನಡೆಯಲು ಅವನಿಗೆ ನೂರಕ್ಕೆ ಇಷ್ಟು ಅಂತ ಸಂಖ್ಯೆ ಕೊಟ್ಟರು. ನೋಡಲು ಇದು ಬರೀ ಸೇರ್ಪಡೆ. ಒಳಗೆ ಹೊಕ್ಕು ನೋಡಿದರೆ ಇದು ಒಂದು ಕಳೆಯುವಿಕೆಯೂ ಹೌದು. ಅದಕ್ಕೆ ಮುಂಚೆ ಯೋಧನೂ ಮೆಲ್ಲಗೆ ಹೆಜ್ಜೆ ಇಡಬಹುದಿತ್ತು. ಮಂತ್ರವಾದಿ ಕೋಲಿನಿಂದ ನೆಲ ತಟ್ಟುತ್ತಾ ಹೋಗಿ ಗುಂಡಿ ಹುಡುಕಬಹುದಿತ್ತು. ಜಿಎಂ ಕೇಳಿಸಿಕೊಂಡು ತೀರ್ಪು ಹೇಳುತ್ತಿದ್ದರು. ಸದ್ದಿಲ್ಲದೆ ನಡೆಯುವುದು ಕಳ್ಳನ ಕೌಶಲ ಅಂತ ಪುಸ್ತಕದಲ್ಲಿ ಬರೆದ ಮೇಲೆ, ಉಳಿದವರಿಗೆ ಅದು ಬರುವುದಿಲ್ಲವೇನೋ ಅನ್ನುವ ಅನುಮಾನ ಹುಟ್ಟಿತು. ಯಾರೂ ಹಾಗೆ ಬರೆದಿರಲಿಲ್ಲ. ಆದರೂ ಹಾಗೆ ಓದಿದರು. ಒಬ್ಬರಿಗೆ ‘ನೀನು ಮಾಡಬಹುದು’ ಅಂದರೆ ಪಕ್ಕದಲ್ಲಿ ನಿಂತವರಿಗೆ ‘ನೀನು ಮಾಡಬಾರದು’ ಅಂತ ಕೇಳಿಸುತ್ತದೆ.

ಇದು ಹಳೆಯ ಕಾಲದ ತಕರಾರು ಅಂತ ತಳ್ಳಿಹಾಕಬೇಡಿ. ಹೊಸ ಆಟಗಾರರ ಜೊತೆ ಕೂತಾಗ ನಾನು ಇದನ್ನು ಈಗಲೂ ನೋಡುತ್ತೇನೆ. ಅವರು ಮೊದಲು ಶೀಟ್ ನೋಡುತ್ತಾರೆ, ಆಮೇಲೆ ತಲೆ ಎತ್ತುತ್ತಾರೆ. ಕೌಶಲಗಳ ಪಟ್ಟಿ ರೆಸ್ಟೋರೆಂಟ್ ಮೆನು ಆಗಿಬಿಡುತ್ತದೆ. ಅದರಲ್ಲಿ ಇಲ್ಲದ್ದನ್ನು ಕೇಳುವುದು ಹೇಗೆ ಅಂತ ಅವರಿಗೆ ಸಂಕೋಚ. ಕೋಣೆಯಲ್ಲಿ ಏನಿದೆ ಅಂತ ಹೇಳುವುದಕ್ಕೆ ಮುಂಚೆಯೇ “ನಾನು ಪರ್ಸೆಪ್ಷನ್ ರೋಲ್ ಮಾಡ್ಲಾ?” ಅನ್ನುತ್ತಾರೆ, ಅಂದರೆ ಏನಾದರೂ ಕಣ್ಣಿಗೆ ಬೀಳುತ್ತಾ ಅಂತ ದಾಳ ಉರುಳಿಸಲಾ ಅಂತ. ನಾನು “ಮೊದಲು ಹೇಳು, ಎಲ್ಲಿ ನೋಡ್ತಿದ್ದೀಯಾ?” ಅಂತ ಕೇಳುತ್ತೇನೆ. ಮೇಜಿನ ಕೆಳಗೆ ಬಗ್ಗಿ ನೋಡುತ್ತೇನೆ ಅಂದರೆ, ಅಲ್ಲಿ ಅಂಟಿಸಿದ ಕೀಲಿ ಸಿಗಲು ದಾಳ ಯಾಕೆ ಬೇಕು?

ಇಷ್ಟು ಕೇಳಿದರೆ ನಾನು ತೀರ್ಪಿನ ಕಡೆಯವನು ಅನ್ನಿಸಬಹುದು. ಒಂದು ಕಾಲಕ್ಕೆ ಹಾಗೇ ಇದ್ದೆ. 2008ರಲ್ಲಿ ಮ್ಯಾಟ್ ಫಿಂಚ್ ಹಳೆಯ ಶೈಲಿಯ ಆಟದ ಬಗ್ಗೆ ಬರೆದ ಪುಟ್ಟ ಕೈಪಿಡಿಯಲ್ಲಿ ನಿಯಮಕ್ಕಿಂತ ತೀರ್ಪು ಅನ್ನುವುದೇ ಮೊದಲ ಮಾತು. ಅದನ್ನು ಓದಿದಾಗ ನನಗೆ ಹಗುರವಾಗಿತ್ತು. ಪುಸ್ತಕ ಮುಚ್ಚಿಟ್ಟು, ಲೋಕವನ್ನು ನೋಡಿ, ಸರಿ ಅನ್ನಿಸಿದ್ದನ್ನು ಹೇಳು. ಎಷ್ಟು ಸ್ವಾತಂತ್ರ್ಯ! ಮರಳಿನ ಪ್ರಸಂಗ ಆಗಿದ್ದು ಆ ಹುಮ್ಮಸ್ಸಿನಲ್ಲೇ.

ನನ್ನ ಮನಸ್ಸು ಬದಲಾಯಿಸಿದವನು ಇನ್ನೊಬ್ಬ ಆಟಗಾರ. ಅವನು ಜಾಸ್ತಿ ಮಾತಾಡುವವನಲ್ಲ. ನಾಲ್ಕು ಗಂಟೆಯ ಆಟದಲ್ಲಿ ಹತ್ತು ವಾಕ್ಯ ಹೇಳಿದರೆ ಹೆಚ್ಚು. ಅವನ ಪಾತ್ರ ಮಾತ್ರ ದೊಡ್ಡ ಮಾತುಗಾರ, ರಾಜಸಭೆಗಳಲ್ಲಿ ಬೆಳೆದ ರಾಯಭಾರಿ. ಶೀಟ್‌ನಲ್ಲಿ ಪರ್ಸ್ಯುಯೇಷನ್, ಅಂದರೆ ಮಾತಿನಿಂದ ಒಪ್ಪಿಸುವ ಕೌಶಲದ ಎದುರು +7. ಅವನ ಪಕ್ಕದಲ್ಲಿ ಕೂತವನು ಒಳ್ಳೆಯ ಮಾತುಗಾರ. ಅವನ ಪಾತ್ರ ಕಾಡಿನಲ್ಲಿ ಬೆಳೆದ ಒರಟ, ಅದೇ ಕೌಶಲ −1. ಒಂದು ದಿನ ರಾಣಿಯ ಎದುರು ಸಂಧಾನ. ಒರಟನ ಪಾತ್ರದವನು ಎದ್ದು ನಿಂತು ಐದು ನಿಮಿಷ ಮಾತಾಡಿದ. ಎಲ್ಲರಿಗೂ ಮೈ ಜುಮ್ಮೆಂದಿತು. ನಾನು ದಾಳವನ್ನೇ ಕೇಳದೆ “ರಾಣಿ ಒಪ್ಪಿದಳು” ಅಂದೆ. ರಾಯಭಾರಿಯ ಪಾತ್ರದವನು ತನ್ನ ಶೀಟ್ ನೋಡುತ್ತಾ ಕೂತಿದ್ದ. ಆ +7ಕ್ಕಾಗಿ ಅವನು ಕತ್ತಿಯನ್ನೂ ಕವಚವನ್ನೂ ಬಿಟ್ಟುಕೊಟ್ಟಿದ್ದ. ಅವನು ತನ್ನ ನಿಜ ಜೀವನದಲ್ಲಿ ಮಾಡಲಾಗದ ಒಂದೇ ಒಂದು ಕೆಲಸವನ್ನು ಇಲ್ಲಿ ಮಾಡಲು ಬಂದಿದ್ದ.

ಮಾತು ಬಲ್ಲವನು ಮಾಣಿಕ್ಯ ತಂದ ಅಂತಾರಲ್ಲ, ನನ್ನ ಮೇಜಿನಲ್ಲಿ ಪ್ರತಿ ವಾರ ನಡೆಯುತ್ತಿದ್ದದ್ದು ಅದೇ. ತೀರ್ಪಿನ ಆಟದಲ್ಲಿ ನನ್ನನ್ನು ಒಪ್ಪಿಸಿದವರು ಗೆಲ್ಲುತ್ತಿದ್ದರು. ಚುರುಕಾಗಿ ಮಾತಾಡುವವರು, ನನ್ನ ಹಳೆಯ ಸ್ನೇಹಿತರು, ನಾನು ಓದಿದ ಕಥೆಗಳನ್ನೇ ಓದಿದವರು. ಬರೆದ ನಿಯಮ ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ. ಮಾತು ಕಡಿಮೆ ಇರುವವರಿಗೆ, ಹೊಸಬರಿಗೆ, ಜಿಎಂ ಜೊತೆ ಸಲಿಗೆ ಇಲ್ಲದವರಿಗೆ ನಿಯಮವೇ ದನಿ. ‘ಇದು ನನ್ನ ಶೀಟ್‌ನಲ್ಲಿದೆ’ ಅಂತ ಅವರು ಹೇಳಿದರೆ ಸಾಕು, ಯಾರನ್ನೂ ಒಪ್ಪಿಸಬೇಕಾಗಿಲ್ಲ.

ಮರಳಿನ ವಿಷಯಕ್ಕೆ ಹಿಂದಿರುಗಿ ನೋಡಿದಾಗಲೂ ಇದೇ ಕಂಡಿತು. ಆ ಗುಂಪಿನಲ್ಲಿ ಒಬ್ಬಳು ಮಂತ್ರವಾದಿ ಇದ್ದಳು. ಶತ್ರುವನ್ನು ಕುರುಡಾಗಿಸುವ ಎರಡನೇ ಮಟ್ಟದ ಮಂತ್ರವನ್ನು ಆಯ್ದುಕೊಂಡಿದ್ದಳು. ದಿನಕ್ಕೆ ಕೆಲವೇ ಸಲ ಅಂತಹ ಮಂತ್ರ ಹಾಕಬಹುದು. ಐದನೇ ಆವೃತ್ತಿಯಲ್ಲಿ ಕಣ್ಣು ಕಾಣದವನ ಮೇಲೆ ಹೊಡೆಯುವವರು ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುತ್ತಾರೆ. ನೂರಕ್ಕೆ 50 ಇದ್ದ ಸಾಧ್ಯತೆ 75 ಆಗುತ್ತದೆ. ಇಷ್ಟು ದೊಡ್ಡ ಲಾಭವನ್ನು ನಾನು ಒಂದು ಹಿಡಿ ಮರಳಿಗೆ ಬಿಟ್ಟಿ ಕೊಟ್ಟಿದ್ದೆ. ಆ ತೀರ್ಪಿನ ಬೆಲೆ ತೆತ್ತವಳು ಮಂತ್ರವಾದಿ. ಅವಳು ದೂರಲಿಲ್ಲ, ಉಳಿದವರ ಜೊತೆ ಎದ್ದು ನಿಂತು ಕೂಗಿದ್ದಳು. ತೀರ್ಪು ಕೊಡುವಾಗ ನಮ್ಮ ಕಣ್ಣು ಕೇಳಿದವರ ಮೇಲಿರುತ್ತದೆ. ಬೆಲೆ ತೆರುವವರು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ.

ಇನ್ನೊಂದು ವಿಷಯ ಲೆಕ್ಕ ಹಾಕಿದಾಗಲೇ ಹೊಳೆದದ್ದು. ನಿಯಮ ಪೂರ್ತಿ ಪಾಲಿಸುತ್ತಿದ್ದೇನೆ ಅಂದುಕೊಂಡಾಗಲೂ ಜಿಎಂ ತೀರ್ಪು ಕೊಡುತ್ತಲೇ ಇರುತ್ತಾರೆ. ಗೊತ್ತೇ ಆಗುವುದಿಲ್ಲ, ಅಷ್ಟೇ. ಒಂದು ಗೋಡೆ ಹತ್ತಬೇಕು ಅನ್ನಿ. ಪಾತ್ರ ಗೆಲ್ಲುವ ಸಾಧ್ಯತೆ ನೂರಕ್ಕೆ 70. ಒಂದೇ ರೋಲ್ ಕೇಳಿದರೆ 70. ಗೋಡೆ ಎತ್ತರ ಇದೆಯಲ್ಲ ಅಂತ ಬುಡದಲ್ಲಿ ಒಂದು, ನಡುವಿನಲ್ಲಿ ಒಂದು, ತುದಿಯಲ್ಲಿ ಒಂದು, ಹೀಗೆ ಮೂರು ರೋಲ್ ಕೇಳಿ ಮೂರನ್ನೂ ಗೆಲ್ಲಬೇಕು ಅಂದರೆ ಸಾಧ್ಯತೆ 34ಕ್ಕೆ ಇಳಿಯುತ್ತದೆ. ಸಂಖ್ಯೆ ಯಾವುದೂ ಬದಲಾಗಿಲ್ಲ. ಎಷ್ಟು ಸಲ ಉರುಳಿಸಬೇಕು ಅನ್ನುವ ಒಂದು ಮಾತು ಗೋಡೆಯನ್ನು ಎರಡರಷ್ಟು ಕಷ್ಟ ಮಾಡಿತು.

ನಾಲ್ವರು ಕಾವಲುಗಾರರ ಕಣ್ತಪ್ಪಿಸಿ ನುಸುಳುವುದೂ ಹಾಗೆಯೇ. ಪ್ರತಿಯೊಬ್ಬರಿಗೂ 70ರ ಸಾಧ್ಯತೆ ಇದ್ದರೂ, ಒಬ್ಬರು ಸೋತರೂ ಎಲ್ಲರೂ ಸಿಕ್ಕಿಬೀಳುತ್ತಾರೆ ಅಂದರೆ ನೂರಕ್ಕೆ 24 ಸಲ ಮಾತ್ರ ದಾಟುತ್ತಾರೆ. ಐದನೇ ಆವೃತ್ತಿಯಲ್ಲಿ ಗುಂಪಿನ ರೋಲ್‌ಗೆ ಬೇರೆ ನಿಯಮ ಇದೆ. ಅರ್ಧದಷ್ಟು ಜನ ಗೆದ್ದರೆ ಇಡೀ ಗುಂಪು ಗೆದ್ದಂತೆ. ಆ ಲೆಕ್ಕದಲ್ಲಿ ಅದೇ ನಾಲ್ವರು ನೂರಕ್ಕೆ ಸುಮಾರು 92 ಸಲ ದಾಟುತ್ತಾರೆ. 24 ಎಲ್ಲಿ, 92 ಎಲ್ಲಿ! ವರ್ಷಗಟ್ಟಲೆ ನಾನು ಮೊದಲನೆಯದನ್ನೇ ಮಾಡುತ್ತಿದ್ದೆ. ‘ನಮ್ಮ ಗುಂಪಿಗೆ ನುಸುಳುವುದೇ ಆಗಲ್ಲ, ಕತ್ತಿ ಹಿರಿಯೋದೇ ಸರಿ’ ಅಂತ ಆಟಗಾರರು ತೀರ್ಮಾನಿಸಿಬಿಟ್ಟಿದ್ದರು. ಅವರ ಆಟದ ಸ್ವಭಾವವನ್ನೇ ನನ್ನ ಒಂದು ಅಭ್ಯಾಸ ಬದಲಾಯಿಸಿತ್ತು, ಯಾರಿಗೂ ಗೊತ್ತಿರಲಿಲ್ಲ. ‘ಬರ್ನಿಂಗ್ ವೀಲ್’ ಎಂಬ ಆಟದಲ್ಲಿ ಇದನ್ನು ತಡೆಯಲೆಂದೇ ಒಂದು ನಿಯಮವಿದೆ. ಒಂದು ಸಲ ಉರುಳಿಸಿದರೆ, ಪರಿಸ್ಥಿತಿ ನಿಜವಾಗಿ ಬದಲಾಗುವವರೆಗೆ ಅದೇ ಫಲ ನಿಲ್ಲುತ್ತದೆ. ಜಿಎಂ ಮತ್ತೆ ಮತ್ತೆ ಕೇಳುವ ಹಾಗಿಲ್ಲ. ಇದು ಆಟಗಾರರನ್ನು ಕಟ್ಟುವ ನಿಯಮ ಅಲ್ಲ, ಜಿಎಂ ಕೈ ಕಟ್ಟುವ ನಿಯಮ.

ದಾಳ ಮುಚ್ಚಿಡುವ ವಿಷಯವನ್ನೂ ಹೇಳಬೇಕು. ಪರದೆಯ ಹಿಂದೆ ದಾಳ ಉರುಳಿಸಿ, ಬಂದದ್ದನ್ನು ಬಿಟ್ಟು ಬೇರೆ ಹೇಳುವುದನ್ನು ನಾನು ಮಾಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೆ. ಒಬ್ಬನ ಪಾತ್ರ ಸಾಯುವ ಹೊತ್ತು, ಶತ್ರುವಿನ ದಾಳದಲ್ಲಿ 20 ಬಂದದ್ದನ್ನು 9 ಅಂದೆ. ತಿಂಗಳುಗಳ ನಂತರ ಅದು ಅವನಿಗೆ ಗೊತ್ತಾಯಿತು. ಅವನಿಗೆ ಸಿಟ್ಟು ಬರಲಿಲ್ಲ. “ಹಾಗಾದ್ರೆ ಆಮೇಲೆ ನಾನು ಗೆದ್ದಿದ್ದೆಲ್ಲ ನಿಜವಾಗಿ ಗೆದ್ದಿದ್ದಾ?” ಅಂತ ಕೇಳಿದ. ನಿಯಮ ಕಾಯಬೇಕಾದವನೇ ನಾನು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಅವತ್ತಿನಿಂದ ಎಲ್ಲರ ಕಣ್ಣೆದುರಿಗೇ ಉರುಳಿಸುತ್ತೇನೆ. ಇದರ ಬಗ್ಗೆ ಬೇರೆ ಅಭಿಪ್ರಾಯದವರು ಇದ್ದಾರೆ, ನನ್ನ ಸ್ನೇಹಿತರಲ್ಲೇ ಇದ್ದಾರೆ. ನಾನು ಮಾತ್ರ ಇನ್ನೆಂದೂ ಆ ಕಡೆ ಹೋಗಲಾರೆ.

ಹಾಗಾದರೆ ಎಲ್ಲವನ್ನೂ ಪುಸ್ತಕಕ್ಕೆ ಬಿಟ್ಟುಬಿಡಬಹುದಾ? 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೂರನೇ ಆವೃತ್ತಿ ಆ ದಿಕ್ಕಿನಲ್ಲಿ ಬಹಳ ದೂರ ಹೋಯಿತು. ಇಪ್ಪತ್ತು ಮುಖದ ದಾಳ, ದಾಟಬೇಕಾದ ಸಂಖ್ಯೆ, ಎಲ್ಲವನ್ನೂ ಒಂದೇ ಎರಕಕ್ಕೆ ತಂದಿತು. ಅದರಿಂದ ಎಷ್ಟೋ ಒಳ್ಳೆಯದಾಯಿತು. ಆದರೆ ಒಬ್ಬನನ್ನು ತಬ್ಬಿ ಹಿಡಿಯಬೇಕು ಅಂದರೆ ಎಲ್ಲರೂ ಪುಸ್ತಕ ತೆರೆದು ಪುಟ ಹುಡುಕುತ್ತಾ ಕೂರುವ ಹಾಗೂ ಆಯಿತು.

ನಿಯಮ ಎಷ್ಟೇ ಸ್ಪಷ್ಟವಾಗಿದ್ದರೂ ಲೋಕದ ಅಂಚಿಗೆ ಹೋದಾಗ ಎಡವುತ್ತದೆ. ಐದನೇ ಆವೃತ್ತಿಯಲ್ಲಿ ಬಿದ್ದರೆ ಪ್ರತಿ ಹತ್ತು ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು, ಹೆಚ್ಚೆಂದರೆ ಇಪ್ಪತ್ತು ದಾಳ. ಇಪ್ಪತ್ತು ದಾಳದ ಸರಾಸರಿ 70. ಮೇಲಿನ ಮಟ್ಟದ ಯೋಧನಿಗೆ ನೂರೈವತ್ತಕ್ಕೂ ಜಾಸ್ತಿ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಅಂಕ, ಇರುತ್ತದೆ. ಅಂದರೆ ಎಷ್ಟೇ ಎತ್ತರದ ಬೆಟ್ಟದಿಂದ ಹಾರಿದರೂ ಅವನು ಎದ್ದು, ಮೈ ಕೊಡವಿಕೊಂಡು ನಡೆಯುತ್ತಾನೆ. ಇನ್ನೊಂದು ಲೆಕ್ಕ ಆಟಗಾರರ ನಡುವೆ ತುಂಬಾ ಓಡಾಡುತ್ತದೆ. ಸಾಲಾಗಿ 1500 ಜನರನ್ನು ಐದೈದು ಅಡಿಗೆ ನಿಲ್ಲಿಸಿ, ಒಂದು ಈಟಿಯನ್ನು ಕೈಯಿಂದ ಕೈಗೆ ದಾಟಿಸಿದರೆ, ಎಲ್ಲರ ಸರದಿಯೂ ಆರು ಸೆಕೆಂಡಿನ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಈಟಿ ಆರು ಸೆಕೆಂಡಿನಲ್ಲಿ 7500 ಅಡಿ ಹೋಯಿತು, ಅಂದರೆ ಶಬ್ದಕ್ಕಿಂತ ವೇಗ. ಹಾಗಾಗಿ ಅದು ಕೋಟೆಯನ್ನೇ ಒಡೆಯಬೇಕು ಅಂತ ವಾದ.

ಎರಡೂ ಒಂದೇ ಥರ ಕಾಣುತ್ತವೆ. ನನಗೆ ಮಾತ್ರ ಬೇರೆ ಬೇರೆ. ಈಟಿಯ ವಾದದಲ್ಲಿ ಅರ್ಧ ದಾರಿ ಆಟದ ನಿಯಮ, ಉಳಿದರ್ಧ ಭೌತಶಾಸ್ತ್ರ. ಬೇಕಾದ ಕಡೆ ಬೇಕಾದ್ದನ್ನು ಹಿಡಿದ ವಾದ ಅದು. ಪೂರ್ತಿ ನಿಯಮವನ್ನೇ ಪಾಲಿಸಿದರೆ ಕೊನೆಯವನು ಎಸೆದದ್ದು ಒಂದು ಸಾಮಾನ್ಯ ಈಟಿ, ಅಷ್ಟೇ. ಅದಕ್ಕೆ ಇಲ್ಲ ಅನ್ನಲು ನನಗೆ ಒಂದು ಕ್ಷಣವೂ ಬೇಡ. ಬೆಟ್ಟದ ಯೋಧನದ್ದು ಹಾಗಲ್ಲ. ಅವನು ನಿಯಮ ಓದಿದ್ದಾನೆ. ಸರಾಸರಿ 70 ಹೋಗುತ್ತದೆ, ನಾನು ಉಳಿಯುತ್ತೇನೆ ಅಂತ ಲೆಕ್ಕ ಹಾಕಿದ್ದಾನೆ. ಕೆಳಗೆ ಗೆಳೆಯ ಸಾಯುತ್ತಿದ್ದಾನೆ ಅಂತ ಹಾರಿದ್ದಾನೆ. ಅವನು ಗಾಳಿಯಲ್ಲಿರುವಾಗ ನಾನು “ಇಷ್ಟು ಎತ್ತರದಿಂದ ಬಿದ್ದರೆ ಯಾರೂ ಬದುಕಲ್ಲ” ಅಂದರೆ ಅದು ಮೋಸ. ಹಾರುವ ಮುಂಚೆ ಅಂದಿದ್ದರೆ ಮೋಸವಲ್ಲ. “ನಮ್ಮ ಲೋಕದಲ್ಲಿ ಈ ಬೆಟ್ಟದಿಂದ ಬಿದ್ದರೆ ಸಾವು. ಈಗಲೂ ಹಾರ್ತೀಯಾ?” ಅಂತ ಕೇಳಿದ್ದರೆ, ಅದೇ ತೀರ್ಪು, ಆದರೆ ಅವನ ಕೈಯಲ್ಲಿ ಆಯ್ಕೆ ಉಳಿಯುತ್ತಿತ್ತು.

ಎಷ್ಟೋ ವರ್ಷ ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ನಿಯಮ ಎಷ್ಟು, ತೀರ್ಪು ಎಷ್ಟು ಅಂತ ತಕ್ಕಡಿ ಹಿಡಿದು ಕೂತಿದ್ದೆ. ಆಟಗಾರರಿಗೆ ಬೇಕಿದ್ದದ್ದು ಒಂದೇ: ಹೆಜ್ಜೆ ಇಡುವ ಮುಂಚೆ ನೆಲ ಎಲ್ಲಿದೆ ಅಂತ ಗೊತ್ತಾಗಬೇಕು. ಪುಸ್ತಕದ ನಿಯಮ ಅದನ್ನು ವರ್ಷಗಳ ಮುಂಚೆಯೇ ಹೇಳಿಟ್ಟಿರುತ್ತದೆ. ತೀರ್ಪು ಅದನ್ನು ದಾಳ ಉರುಳುವ ಹತ್ತು ಸೆಕೆಂಡು ಮುಂಚೆ ಹೇಳಿದರೂ ಸಾಕು. ದಾಳ ನಿಂತ ಮೇಲೆ ಹೇಳಿದರೆ ಅದು ಇವೆರಡೂ ಅಲ್ಲ, ಬರೀ ನನ್ನ ಇಷ್ಟ.

ಇದನ್ನು ನನಗಿಂತ ಮುಂಚೆ, ಚೆನ್ನಾಗಿ ಕಂಡುಕೊಂಡವರಿದ್ದಾರೆ. 2010ರಲ್ಲಿ ಬಂದ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಆಟದಲ್ಲಿ ಆರು ಮುಖದ ಎರಡು ದಾಳ. 10 ಅಥವಾ ಹೆಚ್ಚು ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಗೆಲುವಿನ ಜೊತೆ ಒಂದು ಬೆಲೆ, 6ಕ್ಕಿಂತ ಮೇಲೆ ಬರದಿದ್ದರೆ ಮುಂದಿನ ಮಾತು ಜಿಎಂನದ್ದು. ಯಾವ ಬೋನಸ್ಸೂ ಇಲ್ಲದೆ ಉರುಳಿಸಿದರೆ ನಡುವಿನ ಫಲವೇ ನೂರಕ್ಕೆ ಸುಮಾರು 42 ಸಲ ಬರುತ್ತದೆ. ಅಂದರೆ ತೀರ್ಪು ಇಲ್ಲಿ ಕದ್ದುಮುಚ್ಚಿ ಬರುವುದಿಲ್ಲ, ಅದಕ್ಕೆ ಕೂರಲು ಕುರ್ಚಿ ಹಾಕಿಟ್ಟಿದ್ದಾರೆ. ಜಿಎಂ ಏನೇನು ಮಾಡಬಹುದು ಅನ್ನುವುದನ್ನೂ ನಿಯಮವಾಗಿಯೇ ಬರೆದಿದ್ದಾರೆ. 2017ರ ‘ಬ್ಲೇಡ್ಸ್ ಇನ್ ದ ಡಾರ್ಕ್’ ನನಗೆ ಇನ್ನೂ ಹತ್ತಿರ. ಅಲ್ಲಿ ದಾಳ ಮುಟ್ಟುವ ಮುಂಚೆ ಜಿಎಂ ಎರಡು ವಿಷಯ ಬಾಯಿಬಿಟ್ಟು ಹೇಳಬೇಕು: ಈ ಕೆಲಸ ಎಷ್ಟು ಅಪಾಯದ್ದು, ಗೆದ್ದರೆ ಎಷ್ಟು ಫಲ ಸಿಗುತ್ತದೆ. ಕೇಳಿದ ಮೇಲೆ ಆಟಗಾರ ಬೇಡ ಅನ್ನಬಹುದು, ಬೇರೆ ದಾರಿ ನೋಡಬಹುದು, ಜಾಸ್ತಿ ಫಲಕ್ಕಾಗಿ ಜಾಸ್ತಿ ಅಪಾಯ ತಗೋತೀನಿ ಅನ್ನಬಹುದು. ತೀರ್ಪು ಪೂರ್ತಿ ಜಿಎಂನದ್ದೇ. ಯಾವಾಗ ಹೇಳಬೇಕು ಅನ್ನುವುದು ಮಾತ್ರ ನಿಯಮ.

ನಾವು ಆಟ ಬದಲಾಯಿಸಲಿಲ್ಲ. ಆ ಅಭ್ಯಾಸವನ್ನು ಮಾತ್ರ ತಂದುಕೊಂಡೆವು. ಜೊತೆಗೆ ಒಂದು ನೋಟ್‌ಬುಕ್ ಇಟ್ಟೆವು. ಇಡೋಣ ಅಂದವಳು ಮರಳಿನ ಗೆಳತಿಯೇ. ಆಟದ ನಡುವೆ ಪುಸ್ತಕದಲ್ಲಿ ಇಲ್ಲದ ವಿಷಯಕ್ಕೆ ನಾನು ಏನಾದರೂ ಹೇಳಿದರೆ ಅವಳು ಒಂದು ಸಾಲು ಬರೆದುಕೊಳ್ಳುತ್ತಾಳೆ. ಆಟ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ಕೂತು ಆ ಸಾಲುಗಳನ್ನು ನೋಡುತ್ತೇವೆ. ಇದನ್ನು ಇಟ್ಟುಕೊಳ್ಳಬೇಕಾ? ಬೆಲೆ ಜಾಸ್ತಿಯಾಯಿತಾ, ಕಡಿಮೆಯಾಯಿತಾ? ಇದರಿಂದ ಯಾರ ಶೀಟ್‌ನಲ್ಲಿರುವುದು ಬೆಲೆ ಕಳೆದುಕೊಂಡಿತು? ಈ ಕೊನೆಯ ಪ್ರಶ್ನೆಯನ್ನು ಪ್ರತಿ ಸಲ ಕೇಳುತ್ತೇವೆ. ಮಂತ್ರವಾದಿಯ ಸಲುವಾಗಿ ಸೇರಿಸಿದ ಪ್ರಶ್ನೆ ಅದು. ಮೊದಲ ಪುಟದ ಮೊದಲ ಸಾಲು ಮರಳಿನದ್ದು: ಐದು ಅಡಿ ಒಳಗೆ ಇರಬೇಕು, ಇಡೀ ಸರದಿ ಅದಕ್ಕೇ ಹೋಗುತ್ತದೆ, ಶತ್ರುವಿನ ಮುಂದಿನ ಒಂದು ಹೊಡೆತ ಮಾತ್ರ ದುರ್ಬಲವಾಗುತ್ತದೆ, ಒಬ್ಬನ ಮೇಲೆ ಒಂದೇ ಸಲ. ಬರೆಯುವಾಗ ಅವಳೇ ಹೇಳಿದಳು: “ಒಂದು ಸಲ ಎರಚಿಸಿಕೊಂಡವನು ಎರಡನೇ ಸಲ ಕಣ್ಣು ಮುಚ್ಕೋತಾನೆ ಅಲ್ವಾ?” ಮೂರು ವಾರ ನಾನು ಹುಡುಕಿದ ಉತ್ತರ ಅದು. ಅವಳನ್ನೇ ಕೇಳಬಹುದು ಅಂತ ನನಗೆ ಹೊಳೆದಿರಲಿಲ್ಲ.

ನೋಟ್‌ಬುಕ್‌ಗೂ ಕಾಯಿಲೆ ಬಂತು, ಅದನ್ನೂ ಹೇಳಲೇಬೇಕು. ಎರಡು ವರ್ಷದಲ್ಲಿ ಅರವತ್ತಕ್ಕೂ ಜಾಸ್ತಿ ಸಾಲುಗಳಾದವು. ಗೊಂಚಲು ದೀಪ ಹಿಡಿದು ಜೋತಾಡುವುದಕ್ಕೆ ಒಂದು ಸಾಲು, ಬಾಗಿಲಿಗೆ ಕುರ್ಚಿ ಒತ್ತಿಡುವುದಕ್ಕೆ ಒಂದು ಸಾಲು. ಹೊಸದಾಗಿ ಸೇರಿದವರು ಏನು ಕೇಳಿದರೂ ಯಾರಾದರೂ “ತಾಳು, ಅದು ನೋಟ್‌ಬುಕ್‌ನಲ್ಲಿದೆ” ಅನ್ನತೊಡಗಿದರು. 1975ರ ಕಳ್ಳ ನಮ್ಮ ಮೇಜಿಗೇ ಬಂದು ಕೂತಿದ್ದ. ಒಂದು ಸಂಜೆ ಆಟ ಬಿಟ್ಟು ನೋಟ್‌ಬುಕ್ ಹಿಡಿದು ಕೂತೆವು. ಒಂದೇ ಸಲ ಬಳಸಿದ್ದನ್ನೆಲ್ಲ ಹೊಡೆದುಹಾಕಿದೆವು. ಈಗ ಹದಿನೆಂಟು ಸಾಲು ಉಳಿದಿವೆ. ಮತ್ತೆ ಬೆಳೆಯುತ್ತದೆ, ಮತ್ತೆ ಹೊಡೆಯುತ್ತೇವೆ.

ಕಳೆದ ತಿಂಗಳು ಒಬ್ಬ ಹುಡುಗ ಹೊಸದಾಗಿ ಸೇರಿದ. ಅದು ಅವನ ಮೊದಲ ಆಟ. ಜೌಗು ನೆಲದಲ್ಲಿ ಮೂವರು ಕೂಲಿ ಸೈನಿಕರು ಅವನ ಪಾತ್ರವನ್ನು ಸುತ್ತುವರಿದಿದ್ದರು. ಶೀಟ್ ಅನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದ. ಆಮೇಲೆ ತಲೆ ಎತ್ತಿ ಅಂಜುತ್ತಾ ಕೇಳಿದ: “ಕೆಸರು ಎತ್ತಿ ಒಬ್ಬನ ಮುಖಕ್ಕೆ ಎರಚಬಹುದಾ?”

ಗೆಳತಿಯ ಕೈ ನೋಟ್‌ಬುಕ್ ಮೇಲಿತ್ತು. ಅವಳು ಅದನ್ನು ತೆರೆಯಲಿಲ್ಲ. ನನ್ನ ಮುಖ ನೋಡಿದಳು.

“ಎರಚಿದರೆ ಏನಾಗಬೇಕು ಅಂತ ನಿನ್ನ ಆಸೆ?” ಅಂತ ಅವನನ್ನು ಕೇಳಿದೆ.

“ಹೊಡೆಯೋದಲ್ಲ. ತಪ್ಪಿಸ್ಕೊಂಡು ಓಡಬೇಕು.”

ಹಾಗಾದರೆ ಇದು ಮರಳಿನ ಸಾಲು ಅಲ್ಲ. ನಾನು ಸ್ವಲ್ಪ ಯೋಚಿಸಿದೆ. “ಸರಿ. 12 ದಾಟಿದರೆ ಅವರ ನಡುವಿನಿಂದ ನುಸುಳಿ ಓಡಬಹುದು, ಯಾರೂ ಹೊಡೆಯೋಕಾಗಲ್ಲ. ದಾಟದಿದ್ದರೂ ಓಡ್ತೀಯಾ, ಆದರೆ ಒಬ್ಬನ ಕತ್ತಿ ತಗಲುತ್ತೆ. ಎಂಟು ಹಿಟ್ ಪಾಯಿಂಟ್ ಹೋಗುತ್ತೆ. ನಿನ್ನ ಹತ್ತಿರ ಎಷ್ಟಿದೆ?”

“ಹನ್ನೊಂದು.”

“ಮಾಡ್ತೀಯಾ?”

ಅವನು ಪಕ್ಕದವರ ಮುಖ ನೋಡಿದ. ಯಾರೂ ಏನೂ ಹೇಳಲಿಲ್ಲ. ದಾಳವನ್ನು ಎರಡೂ ಕೈಯಲ್ಲಿ ಮುಚ್ಚಿ ಕುಲುಕಿ ಮೇಜಿನ ನಡುವೆ ಬಿಟ್ಟ. ಅದು ಉರುಳಿ, ನೋಟ್‌ಬುಕ್‌ಗೆ ತಗಲಿ ನಿಂತಿತು. 4. ನಾನು ಬಾಯಿ ತೆರೆಯುವ ಮುಂಚೆಯೇ ಅವನು ಪೆನ್ಸಿಲ್ ತೆಗೆದುಕೊಂಡು ಹನ್ನೊಂದನ್ನು ಅಳಿಸಿ 3 ಅಂತ ಬರೆದ. “ಓಡ್ತಿದ್ದೀನಿ” ಅಂದ. “ಎಡಗಡೆ ಮರಗಳಿವೆ ಅಂದ್ರಿ ಅಲ್ವಾ? ಆ ಕಡೆಗೆ.”